ತುಂಗಭದ್ರಾ–ಕೃಷ್ಣಾ ತೀರದ ಸ್ವಯಂಸೇವಕ ದೋಣಿಗಾರರು: ತರಬೇತಿ ಮತ್ತು ಕರ್ತವ್ಯಗಳ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಮೀನುಗಾರರ ದೋಣಿಯೊಂದು ಅಪಾಯಕ್ಕೆ ಸಿಲುಕಿದರೆ 1554 ಸಂಖ್ಯೆಗೆ ಕರೆ ಹೋಗುತ್ತದೆ, 1978ರ ಕಾಯ್ದೆಯಡಿ ಕೆಲಸ ಮಾಡುವ ಭಾರತೀಯ ಕೋಸ್ಟ್ ಗಾರ್ಡ್ ನೆರವಿಗೆ ಬರುತ್ತದೆ. ಕೆಲವು ದೇಶಗಳಲ್ಲಿ ಇಂಥ ಪಡೆಗಳ ಬೆನ್ನಿಗೆ ತರಬೇತಿ ಪಡೆದ ನಾಗರಿಕ ದೋಣಿಗಾರರ ದಳಗಳೂ ಇವೆ. ಅಮೆರಿಕದಲ್ಲಿ 1939ರಲ್ಲಿ ಸ್ಥಾಪನೆಯಾದ ಕೋಸ್ಟ್ ಗಾರ್ಡ್ ಸಹಾಯಕ ದಳವು ಅವುಗಳಲ್ಲಿ ಪ್ರಸಿದ್ಧವಾದದ್ದು. ಅದರ ಸದಸ್ಯರಿಗೆ ವೇತನವಿಲ್ಲ, ಯಾರನ್ನೂ ಬಂಧಿಸುವ ಅಧಿಕಾರವಿಲ್ಲ; ದೋಣಿಗಳ ಸುರಕ್ಷತೆಯನ್ನು ಪರೀಕ್ಷಿಸುವುದು, ಜನರಿಗೆ ತಿಳಿವಳಿಕೆ ನೀಡುವುದು, ಆದೇಶ ಬಂದಾಗ ಗಸ್ತು ಮತ್ತು ಶೋಧಕಾರ್ಯಕ್ಕೆ ದೋಣಿಯನ್ನು ಇಳಿಸುವುದು ಅವರ ಕೆಲಸ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಸಮುದ್ರವಿಲ್ಲ. ಆದರೆ ಕೃಷ್ಣೆ ಮತ್ತು ತುಂಗಭದ್ರೆ ಉಕ್ಕಿದ ವರ್ಷ ಇಲ್ಲಿನ ನಡುಗಡ್ಡೆಗಳ ಜನರಿಗೆ ದಡ ಸೇರುವುದೇ ದೊಡ್ಡ ಪ್ರಶ್ನೆಯಾಗುತ್ತದೆ. ನದಿಯನ್ನು ಬಲ್ಲ ಅಂಬಿಗರು, ಮೀನುಗಾರರು ನಮ್ಮಲ್ಲಿ ತಲೆಮಾರುಗಳಿಂದ ಇದ್ದಾರೆ. ಕೊರತೆ ಇರುವುದು ಅವರ ಧೈರ್ಯದಲ್ಲಾಗಲೀ ಕೌಶಲದಲ್ಲಾಗಲೀ ಅಲ್ಲ. ಆ ಕೌಶಲವನ್ನು ಒಂದು ತಂಡವಾಗಿ ಕಟ್ಟಿ, ಜಿಲ್ಲಾಡಳಿತದ ಆದೇಶದಡಿ, ಮೊದಲೇ ಅಭ್ಯಾಸ ಮಾಡಿದ ಕ್ರಮದಲ್ಲಿ ಬಳಸುವ ಏರ್ಪಾಡು ಬಹಳಷ್ಟು ಊರುಗಳಲ್ಲಿ ಇಲ್ಲ. ಆ ಏರ್ಪಾಡನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಈ ಬರಹ ಹಂತಹಂತವಾಗಿ ವಿವರಿಸುತ್ತದೆ.

ಹಂತ 1: ಯಾರ ಅಧೀನದಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ತಾಲ್ಲೂಕಿನಲ್ಲಿ ತಹಶೀಲ್ದಾರರು, ಊರಿನಲ್ಲಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಪಂಚಾಯಿತಿಯ ಪಿಡಿಒ ಆ ಸರಪಳಿಯ ಮುಂದಿನ ಕೊಂಡಿಗಳು. ನೀರಿನ ಮೇಲಿನ ರಕ್ಷಣಾ ಕಾರ್ಯವನ್ನು ನಡೆಸುವವರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯವರು. ಪ್ರವಾಹ ದೊಡ್ಡದಾದರೆ ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳಾದ ಎಸ್‌ಡಿಆರ್‌ಎಫ್ ಮತ್ತು ಎನ್‌ಡಿಆರ್‌ಎಫ್ ತಂಡಗಳು ಬರುತ್ತವೆ. ಕರ್ನಾಟಕದ ಹೊಣೆ ಹೊತ್ತಿರುವ ಎನ್‌ಡಿಆರ್‌ಎಫ್‌ನ 10ನೇ ಬೆಟಾಲಿಯನ್ನಿನ ನೆಲೆ ಇರುವುದು ವಿಜಯವಾಡದ ಬಳಿ. ಎಷ್ಟೇ ಬೇಗ ಹೊರಟರೂ ದೂರದಿಂದ ಬರುವ ತಂಡಕ್ಕೆ ಗಂಟೆಗಳು ಹಿಡಿಯುತ್ತವೆ. ಆ ಗಂಟೆಗಳಲ್ಲಿ ಹತ್ತಿರದ ಅಗ್ನಿಶಾಮಕ ಠಾಣೆ ಮತ್ತು ಊರಿನವರೇ ಪರಿಸ್ಥಿತಿಯನ್ನು ನಿಭಾಯಿಸಬೇಕಾಗುತ್ತದೆ. ಸ್ವಯಂಸೇವಕ ದೋಣಿಗಾರರ ನಿಜವಾದ ಅಗತ್ಯವಿರುವುದು ಅಲ್ಲಿ.

ಆದ್ದರಿಂದ ತಂಡ ಕಟ್ಟುವ ಮೊದಲ ಕೆಲಸವು ದೋಣಿ ಕೊಳ್ಳುವುದಲ್ಲ, ತಹಶೀಲ್ದಾರರಿಗೆ ಮತ್ತು ಅಗ್ನಿಶಾಮಕ ಠಾಣಾಧಿಕಾರಿಗೆ ಲಿಖಿತ ಮನವಿ ಸಲ್ಲಿಸುವುದು. ಮನವಿಯಲ್ಲಿ ಸದಸ್ಯರ ಹೆಸರು, ವಯಸ್ಸು, ರಕ್ತದ ಗುಂಪು, ಈಜಿನ ಮಟ್ಟ, ಯಾವ ಬಗೆಯ ದೋಣಿ ನಡೆಸಬಲ್ಲರು, ಮನೆಯವರ ದೂರವಾಣಿ ಸಂಖ್ಯೆ ಇವೆಲ್ಲ ಇರಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಆರಂಭಿಸಿ ನಂತರ ವಿಸ್ತರಿಸಿದ ‘ಆಪದಾ ಮಿತ್ರ’ ಯೋಜನೆಯಲ್ಲಿ 18ರಿಂದ 40 ವರ್ಷದೊಳಗಿನ ಸ್ವಯಂಸೇವಕರಿಗೆ 12 ದಿನಗಳ ತರಬೇತಿ, ತುರ್ತು ಸಲಕರಣೆಯ ಕಿಟ್ ಮತ್ತು ವಿಮೆಯ ವ್ಯವಸ್ಥೆ ರೂಪಿಸಲಾಗಿದೆ. ಅಂಥ ತರಬೇತಿ ಶಿಬಿರ ಯಾವಾಗ ನಡೆಯುತ್ತದೆ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ಗೃಹರಕ್ಷಕ ದಳಕ್ಕೆ ಸೇರುವುದು ಇನ್ನೊಂದು ದಾರಿ. ವಿಮೆಯಿಲ್ಲದ ಸ್ವಯಂಸೇವಕನನ್ನು ತುಂಬಿದ ಹೊಳೆಗೆ ಇಳಿಸುವುದು ಅವನ ಮನೆಯವರಿಗೆ ಮಾಡುವ ಅನ್ಯಾಯ. ಈ ಮಾತನ್ನು ಅಧಿಕಾರಿಗಳ ಮುಂದೆ ಸಂಕೋಚವಿಲ್ಲದೆ ಹೇಳಬೇಕು.

ಆದೇಶವಿಲ್ಲದೆ ದೋಣಿ ಇಳಿಸುವುದಿಲ್ಲ ಎಂಬುದು ತಂಡದ ಮೊದಲ ನಿಯಮವಾಗಿರಲಿ. ಇದು ಕಠಿಣವಾಗಿ ಕಾಣಬಹುದು. ಆದರೆ ಯಾರಿಗೂ ತಿಳಿಸದೆ ಹೊರಟ ದೋಣಿ ಮಗುಚಿದರೆ ಅದನ್ನು ಹುಡುಕಬೇಕು ಎಂಬುದೇ ದಡದಲ್ಲಿರುವವರಿಗೆ ಗೊತ್ತಾಗುವುದಿಲ್ಲ.

ಹಂತ 2: ಸದಸ್ಯರನ್ನು ಆರಿಸಿ, ಕೆಲಸ ಹಂಚಿ

ಎಲ್ಲರೂ ದೋಣಿ ಹತ್ತಬೇಕಾಗಿಲ್ಲ. ಒಂದು ದೋಣಿ ನೀರಿಗಿಳಿಯಬೇಕಾದರೆ ದೋಣಿಯಲ್ಲಿ ಒಬ್ಬ ನಾಯಕ ಮತ್ತು ಒಬ್ಬಿಬ್ಬರು ಸಹಾಯಕರು, ಮೇಲ್ಭಾಗದ ದಡದಲ್ಲಿ ತೇಲಿಬರುವ ಮರ-ದಿಮ್ಮಿಗಳನ್ನು ಗಮನಿಸಿ ಎಚ್ಚರಿಸುವ ಕಾವಲುಗಾರ, ಕೆಳಭಾಗದ ದಡದಲ್ಲಿ ಎಸೆಯುವ ಹಗ್ಗ ಹಿಡಿದು ನಿಂತ ಇಬ್ಬರು, ಜನರ ಹೆಸರು ಬರೆದುಕೊಂಡು ನಿಯಂತ್ರಣ ಕೊಠಡಿಯ ಜೊತೆ ಮಾತನಾಡುವ ಒಬ್ಬರು ಇಷ್ಟಾದರೂ ಬೇಕು. ಈಜು ಬಾರದ, ಆದರೆ ಅಕ್ಷರ ಬಲ್ಲ, ಗಾಬರಿಯಾಗದ ಯುವತಿಯೊಬ್ಬಳು ಈ ಕೊನೆಯ ಕೆಲಸವನ್ನು ನಿರ್ವಹಿಸಿದರೆ ಇಡೀ ತಂಡಕ್ಕೆ ಬಲ ಬರುತ್ತದೆ. ಮಹಿಳೆಯರು ತಂಡದಲ್ಲಿದ್ದರೆ ಬಾಣಂತಿಯರನ್ನೂ ವೃದ್ಧೆಯರನ್ನೂ ದೋಣಿ ಹತ್ತಿಸುವುದು ಸುಲಭವಾಗುತ್ತದೆ.

ದೋಣಿ ಹತ್ತುವವರು ಬಟ್ಟೆ ಮತ್ತು ಲೈಫ್ ಜಾಕೆಟ್ ಸಮೇತ ಹರಿಯುವ ನೀರಿನಲ್ಲಿ ಈಜಬಲ್ಲವರಾಗಿರಬೇಕು. ಬಾವಿಯಲ್ಲೋ ಕೆರೆಯಲ್ಲೋ ಕಲಿತ ಈಜು ಸೆಳವಿನಲ್ಲಿ ಸಾಲದು. ಮೂರ್ಛೆ ರೋಗ ಅಥವಾ ಹೃದಯದ ತೊಂದರೆ ಇರುವವರಿಗೆ ದಡದ ಕೆಲಸ ಕೊಡಿ. ಮದ್ಯ ಸೇವಿಸಿದವರನ್ನು ಆ ದಿನ ದಡದ ಕೆಲಸಕ್ಕೂ ಸೇರಿಸಬೇಡಿ, ಅವರು ಎಷ್ಟೇ ಅನುಭವಿಗಳಾಗಿರಲಿ.

ಹಂತ 3: ನದಿಯನ್ನು ಓದಲು ಕಲಿಯಿರಿ

ನಮ್ಮ ಭಾಗದ ಪ್ರವಾಹಕ್ಕೆ ಒಂದು ವಿಶೇಷ ಗುಣವಿದೆ. ಇಲ್ಲಿ ಹನಿ ಮಳೆ ಇಲ್ಲದ, ಬಿಸಿಲು ಸುಡುವ ದಿನದಲ್ಲೂ ಹೊಳೆ ತುಂಬಿ ಬರುತ್ತದೆ, ಏಕೆಂದರೆ ಮಳೆ ಸುರಿದಿರುವುದು ಮಲೆನಾಡಿನಲ್ಲಿ ಅಥವಾ ಮಹಾರಾಷ್ಟ್ರದಲ್ಲಿ. ನೀರು ನಮಗೆ ತಲುಪುವುದು ಜಲಾಶಯದ ಗೇಟುಗಳ ಮೂಲಕ. ಆಕಾಶ ನೋಡಿ ಅಂದಾಜು ಮಾಡುವವರು ಮೋಸ ಹೋಗುತ್ತಾರೆ. ಜಲಾಶಯದ ಒಳಹರಿವು, ಹೊರಹರಿವು ಎಷ್ಟಿದೆ ಎಂಬುದನ್ನು ದಿನವೂ ನೋಡಿ ಬರೆದಿಡುವುದೇ ಸ್ವಯಂಸೇವಕ ದೋಣಿಗಾರನ ಮೊದಲ ವಿದ್ಯೆ.

ತುಂಗಭದ್ರೆಯ ದಂಡೆಯವರು ನೋಡಬೇಕಾದದ್ದು ತುಂಗಭದ್ರಾ ಮಂಡಳಿ ಪ್ರಕಟಿಸುವ ಅಂಕಿಗಳನ್ನು. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ, ಹೆಚ್ಚಾದ ನೀರನ್ನು ನದಿಗೆ ಬಿಡುವ ಕ್ರಸ್ಟ್ ಗೇಟುಗಳು 33. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಅಂದರೆ ಒಂದು ಲಕ್ಷ ಕ್ಯುಸೆಕ್ ಬಿಟ್ಟಾಗ ಪ್ರತಿ ಸೆಕೆಂಡಿಗೂ 28 ಲಕ್ಷ ಲೀಟರಿಗಿಂತ ಹೆಚ್ಚು ನೀರು ನಿಮ್ಮ ಊರಿನತ್ತ ಹೊರಟಿರುತ್ತದೆ. ಹೊರಹರಿವು ಲಕ್ಷ ದಾಟಿ ಏರುತ್ತಾ ಹೋದಂತೆ ಆನೆಗೊಂದಿಯ ನವವೃಂದಾವನ ಗಡ್ಡೆಯ ಸಂಪರ್ಕ ಕಡಿಯುತ್ತದೆ, ಹಂಪಿಯ ನದಿತೀರದ ಸ್ಮಾರಕಗಳು ಮುಳುಗುತ್ತವೆ, ಕಂಪ್ಲಿ–ಗಂಗಾವತಿ ನಡುವಿನ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಮಳೆಯ ಲೆಕ್ಕಾಚಾರವೇ ಇಲ್ಲದೆ, ನಡುರಾತ್ರಿಯಲ್ಲೂ ನದಿ ಏರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕೃಷ್ಣೆಯ ದಂಡೆಯವರಿಗೆ ನಾರಾಯಣಪುರದ ಬಸವಸಾಗರ ಜಲಾಶಯದ ಹೊರಹರಿವು ಮುಖ್ಯ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದರೆ ಅದರಾಚೆಯ ನಡುಗಡ್ಡೆಗಳ ಊರುಗಳು ದಡದಿಂದ ದೂರವಾಗುತ್ತವೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೂ ದೊಡ್ಡ ನೀರಿಗೆ ಮುಳುಗುವಂಥದ್ದು. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ಕಡೆಯವರು ಇನ್ನೂ ಒಂದು ಅಂಕಿಯನ್ನು ಗಮನಿಸಬೇಕು: ಕಡ್ಲೂರಿನ ಬಳಿ ಭೀಮಾ ನದಿ ಕೃಷ್ಣೆಗೆ ಸೇರುವುದರಿಂದ, ಭೀಮೆಯ ಸೊನ್ನ ಬ್ಯಾರೇಜಿನಿಂದ ಬಿಟ್ಟ ನೀರೂ ಅವರ ಪಾಲಿಗೆ ಬರುತ್ತದೆ. ನಾರಾಯಣಪುರದ ಹೊರಹರಿವು ಇಳಿಯುತ್ತಿದೆ ಎಂದು ನಿಶ್ಚಿಂತರಾದ ದಿನವೇ ಭೀಮೆ ಏರುತ್ತಿರಬಹುದು.

ಪ್ರತಿ ತಂಡವೂ ತನ್ನ ಊರಿಗೊಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಎಷ್ಟು ಕ್ಯುಸೆಕ್ ಬಿಟ್ಟ ಎಷ್ಟು ಗಂಟೆಗಳ ನಂತರ ನಮ್ಮ ಘಾಟಿನ ಯಾವ ಮೆಟ್ಟಿಲಿಗೆ, ಯಾವ ಬಂಡೆಗೆ ನೀರು ಬಂತು ಎಂದು ದಿನಾಂಕ ಸಹಿತ ಬರೆಯುತ್ತಾ ಹೋದರೆ, ಎರಡು-ಮೂರು ಮಳೆಗಾಲಗಳಲ್ಲಿ ಯಾವ ಇಲಾಖೆಯ ಕಡತದಲ್ಲೂ ಸಿಗದ ಸ್ಥಳೀಯ ಲೆಕ್ಕವೊಂದು ಸಿದ್ಧವಾಗುತ್ತದೆ. ಹಿರಿಯ ಅಂಬಿಗರಿಂದ ಕೇಳಿ, ಎಲ್ಲಿ ಮಡುವಿದೆ, ಎಲ್ಲಿ ಸುಳಿ ಏಳುತ್ತದೆ, ಯಾವ ಬಂಡೆ ಯಾವ ಮಟ್ಟದಲ್ಲಿ ನೀರಿನಡಿ ಅಡಗುತ್ತದೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ. ಎಲ್ಲ ಪ್ರವಾಹವೂ ಅಣೆಕಟ್ಟೆಯಿಂದಲೇ ಬರುವುದಿಲ್ಲ ಎಂಬುದು ಮರೆಯಬಾರದು; 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಈ ಜಿಲ್ಲೆಗಳ ಮೇಲೆಯೇ ಸುರಿದ ಮಳೆಗೆ ಹಳ್ಳಗಳು ಉಕ್ಕಿ ಊರುಗಳೊಳಗೆ ನುಗ್ಗಿದವು. ಆಗಿನ ನೀರಿನ ಗುರುತು ಯಾರ ಮನೆಯ ಗೋಡೆಯಲ್ಲಿ ಉಳಿದಿದ್ದರೂ ಅದನ್ನು ಬಣ್ಣದಲ್ಲಿ ಬರೆದಿಡಿ.

ಇನ್ನು ನೀರಿನ ಮೇಲ್ಮೈಯನ್ನು ಓದುವ ವಿಚಾರ. ಹರಿವಿನ ವೇಗ ಎರಡರಷ್ಟಾದರೆ ಅದು ದೇಹವನ್ನೋ ದೋಣಿಯನ್ನೋ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ; ನಿನ್ನೆ ದಾಟಿದ ಕಡವನ್ನು ಇಂದು ದಾಟಲಾಗದಿರುವುದಕ್ಕೆ ಇದೇ ಕಾರಣ. ಅತ್ಯಂತ ಅಪಾಯಕಾರಿ ಜಾಗಗಳು ಎರಡು. ಮೊದಲನೆಯದು, ನೀರು ತೂರಿಹೋಗುವ ಆದರೆ ಮನುಷ್ಯ ಸಿಕ್ಕಿಕೊಳ್ಳುವ ಅಡೆತಡೆಗಳು: ಮುಳುಗಿದ ಜಾಲಿ ಪೊದೆ, ಬಾಳೆತೋಟದ ತಂತಿಬೇಲಿ, ಸೇತುವೆಯ ಕಂಬಿಗಳು. ಇವುಗಳ ಮೇಲ್ಭಾಗಕ್ಕೆ ದೋಣಿ ತರಲೇಬಾರದು. ಎರಡನೆಯದು, ಅಡ್ಡಗಟ್ಟೆಗಳ ಕೆಳಗಿನ ನೀರು. ತುಂಗಭದ್ರೆಯ ಮೇಲಿನ ವಿಜಯನಗರ ಕಾಲದ ಅಣೆಗಳು, ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾ ಆಣೆಕಟ್ಟು, ಕೃಷ್ಣೆಯ ಗೂಗಲ್ ಮತ್ತು ಗಿರಿಜಾಪುರ ಬ್ಯಾರೇಜುಗಳು ಇವುಗಳ ಮೇಲಿಂದ ಧುಮುಕಿದ ನೀರು ಬುಡದಲ್ಲಿ ಸುತ್ತಿ ಮತ್ತೆ ಗೋಡೆಯ ಕಡೆಗೇ ಮರಳುತ್ತದೆ. ನೋಡಲು ಸಣ್ಣ ಜಿಗಿತವಾದರೂ ಅದರಲ್ಲಿ ಸಿಕ್ಕ ದೋಣಿ ಹೊರಬರುವುದು ಕಷ್ಟ, ಲೈಫ್ ಜಾಕೆಟ್ ತೊಟ್ಟವನೂ ಅಲ್ಲೇ ತಿರುಗುತ್ತಾನೆ. ಅಂಥ ಕಟ್ಟೆಗಳ ಮೇಲೆಯೂ ಕೆಳಗೂ ದೂರದಲ್ಲೇ ಕೆಂಪು ಬಾವುಟ ನೆಟ್ಟು, ಅದರಾಚೆ ತಂಡದ ಯಾವ ದೋಣಿಯೂ ಹೋಗುವುದಿಲ್ಲ ಎಂದು ನಿಗದಿ ಮಾಡಿಕೊಳ್ಳಿ.

ಹಂತ 4: ದೋಣಿ, ಹರಿಗೋಲು ಮತ್ತು ಸಲಕರಣೆ

ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಹೊದಿಸಿದ ಹರಿಗೋಲು ನಮ್ಮ ನದಿಯ ಗುರುತು. ಆಳವಿಲ್ಲದ, ಬಂಡೆಗಳಿರುವ, ಸೌಮ್ಯ ಹರಿವಿನ ನೀರಿಗೆ ಅದು ಬಹಳ ಒಳ್ಳೆಯದು. ಅದರ ದುಂಡನೆಯ ತಳ ಬಂಡೆಗೆ ತಗುಲಿದರೂ ಜಾರಿಕೊಂಡು ಹೋಗುತ್ತದೆ. ಆದರೆ ಅದಕ್ಕೆ ಮುಂದು-ಹಿಂದಿಲ್ಲ, ಸೆಳವಿಗೆ ಎದುರಾಗಿ ಹೋಗುವ ಶಕ್ತಿಯಿಲ್ಲ, ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚುತ್ತದೆ. ಪ್ರವಾಹ ಕಾಲದಲ್ಲಿ ಜಿಲ್ಲಾಡಳಿತವು ಹರಿಗೋಲು ಸಂಚಾರವನ್ನು ನಿಷೇಧಿಸುವುದು ಈ ಕಾರಣಕ್ಕೆ, ಮತ್ತು ಆ ನಿಷೇಧವನ್ನು ಮೊದಲು ಪಾಲಿಸಬೇಕಾದವರು ಸ್ವಯಂಸೇವಕರೇ. ಹಿನ್ನೀರು ನಿಂತ ಗದ್ದೆಗಳಲ್ಲಿ, ಊರ ಬೀದಿಗಳಲ್ಲಿ ವೃದ್ಧರನ್ನು ಸಾಗಿಸಲು, ಆಹಾರ ತಲುಪಿಸಲು ಅಧಿಕಾರಿಗಳ ಒಪ್ಪಿಗೆಯೊಂದಿಗೆ ಹರಿಗೋಲನ್ನು ಬಳಸಬಹುದು. ನದಿಯ ಮುಖ್ಯ ಹರಿವಿನಲ್ಲಿ ಬೇಡ.

ಸೆಳವಿನ ಕೆಲಸಕ್ಕೆ ಬೇಕಾದದ್ದು ಗಾಳಿ ತುಂಬುವ ರಬ್ಬರ್ ದೋಣಿ ಅಥವಾ ಫೈಬರ್ ದೋಣಿ, ಅದಕ್ಕೆ ಔಟ್‌ಬೋರ್ಡ್ ಎಂಜಿನ್. ಸ್ವಂತ ಯಂತ್ರದೋಣಿ ಇದ್ದವರು 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯ ವಿಷಯವನ್ನು ವಿಚಾರಿಸಿ ಸರಿಪಡಿಸಿಕೊಳ್ಳಬೇಕು. ಎಂಜಿನ್ ನಿಲ್ಲಿಸುವ ದಾರವನ್ನು ಚಾಲಕ ತನ್ನ ಕೈಗೆ ಅಥವಾ ಜಾಕೆಟ್ಟಿಗೆ ಸಿಕ್ಕಿಸಿಕೊಂಡೇ ಇರಬೇಕು. ಅವನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು, ಇಲ್ಲವಾದರೆ ಖಾಲಿ ದೋಣಿ ಸುತ್ತುತ್ತಾ ಬಂದು ಅವನನ್ನೇ ಹೊಡೆಯುತ್ತದೆ. ಎಂಜಿನ್ ಕೈಕೊಟ್ಟಾಗ ಬಳಸಲು ಹುಟ್ಟುಗಳು ಸದಾ ದೋಣಿಯಲ್ಲಿರಲಿ.

ಲೈಫ್ ಜಾಕೆಟ್ ಬಗ್ಗೆ ರಾಜಿಯೇ ಇಲ್ಲ. ಐಎಸ್‌ಐ ಗುರುತಿನ, ಫೋಮ್ ತುಂಬಿದ ಜಾಕೆಟ್ ತೊಟ್ಟು, ಎಲ್ಲ ಪಟ್ಟಿಗಳನ್ನೂ ಬಿಗಿದು, ಸಂಗಾತಿಯೊಬ್ಬ ಭುಜದ ಬಳಿ ಹಿಡಿದು ಮೇಲಕ್ಕೆಳೆದಾಗ ಅದು ಗಲ್ಲದ ಮೇಲೆ ಜಾರಿ ಬರಬಾರದು. ಬಂದರೆ ಅದು ಅಳತೆಗೆ ಸರಿಯಿಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿದರೆ ನೀರಿಗೆ ಬಿದ್ದೊಡನೆ ಮಗು ಅದರೊಳಗಿಂದ ಜಾರುತ್ತದೆ, ಆದ್ದರಿಂದ ಸಣ್ಣ ಅಳತೆಯವು ಪ್ರತ್ಯೇಕವಾಗಿ ಬೇಕು. ರಕ್ಷಿಸಲು ಹೋಗುವ ದೋಣಿಯಲ್ಲಿ ಕರೆತರಬೇಕಾದವರ ಲೆಕ್ಕದಷ್ಟು ಹೆಚ್ಚುವರಿ ಜಾಕೆಟ್ ಇರಬೇಕು ಎಂಬುದನ್ನು ಅವಸರದಲ್ಲಿ ಬಹಳ ತಂಡಗಳು ಮರೆಯುತ್ತವೆ. ಇದರ ಜೊತೆಗೆ ಹೆಲ್ಮೆಟ್, ಪ್ರತಿಯೊಬ್ಬರಿಗೂ ಸೀಟಿ, ಹಗ್ಗ ಕತ್ತರಿಸುವ ಚಾಕು, ಚೀಲದೊಳಗೆ ಸುರುಳಿಯಾಗಿ ತುಂಬಿದ 15ರಿಂದ 25 ಮೀಟರ್ ಉದ್ದದ ತೇಲುವ ಹಗ್ಗ, ನೀರು ನುಗ್ಗದ ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಫೋನಿಗೆ ಪ್ಲಾಸ್ಟಿಕ್ ಚೀಲ ಇರಲಿ. ಗಂಬೂಟು ಬೇಡ, ಅದರೊಳಗೆ ನೀರು ತುಂಬಿದರೆ ಕಾಲೆತ್ತಲಾಗುವುದಿಲ್ಲ. ಬಿಗಿಯಾಗಿ ಕಟ್ಟುವ ಕ್ಯಾನ್ವಾಸ್ ಬೂಟು ಸಾಕು. ಪಂಚೆ, ಲುಂಗಿ ಉಟ್ಟು ದೋಣಿ ಹತ್ತುವ ಅಭ್ಯಾಸವನ್ನೂ ಬಿಡಬೇಕು.

ಹಂತ 5: ತರಬೇತಿ

ತರಬೇತಿಯನ್ನು ಬೇಸಿಗೆಯಲ್ಲಿ ದಡದ ಮೇಲೆ ಆರಂಭಿಸಿ, ನಿಂತ ನೀರಿಗೆ ಸಾಗಿ, ಕೊನೆಗೆ ಅಗ್ನಿಶಾಮಕ ಸಿಬ್ಬಂದಿಯ ಸಮ್ಮುಖದಲ್ಲಿ ಹರಿಯುವ ನೀರಿಗೆ ಬರಬೇಕು. ಜಾಗ ಆಯ್ಕೆ ಮಾಡುವಾಗ ಒಂದು ವಿಷಯ ಗಮನಿಸಿ: ತುಂಗಭದ್ರಾ ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿ ಎಂಜಿನ್ ದೋಣಿಯ ಅಭ್ಯಾಸಕ್ಕೆ ಮುನ್ನ ಅರಣ್ಯ ಇಲಾಖೆಯನ್ನು ಕೇಳಲೇಬೇಕು. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆಗಳಿವೆ. ಅಭ್ಯಾಸದ ಸ್ಥಳದ ಬಗ್ಗೆ ಸ್ಥಳೀಯ ಮೀನುಗಾರರ ಮಾತನ್ನು ಕಡೆಗಣಿಸಬೇಡಿ.

ಮೊದಲ ಪಾಠ ಸ್ವಂತ ದೇಹದ್ದು. ಸೆಳವಿಗೆ ಬಿದ್ದವನು ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನಿಂದ ಮೇಲೆ ಕಾಣುವಂತೆ ತೇಲಬೇಕು, ಕೈಗಳಿಂದ ದಿಕ್ಕು ಬದಲಿಸುತ್ತಾ ಓರೆಯಾಗಿ ದಡದ ಕಡೆ ಸಾಗಬೇಕು. ವೇಗದ ನೀರಿನಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ನಮ್ಮ ನದಿಗಳ ತಳ ಬಂಡೆಗಳಿಂದ ತುಂಬಿದೆ; ಬಂಡೆಯ ಸಂದಿಗೆ ಪಾದ ಸಿಕ್ಕಿದರೆ ಹರಿವು ದೇಹವನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ.

ಎರಡನೆಯದು, ರಕ್ಷಣೆಯ ಕ್ರಮ. ಮೊದಲು ದಡದಿಂದಲೇ ಕೂಗಿ ಧೈರ್ಯ ಹೇಳಿ ದಾರಿ ತೋರಿಸುವುದು, ನಂತರ ಗಳ ಅಥವಾ ಕೊಂಬೆ ಚಾಚುವುದು, ಆಮೇಲೆ ಹಗ್ಗ ಅಥವಾ ಗಾಳಿ ತುಂಬಿದ ಟ್ಯೂಬ್ ಎಸೆಯುವುದು, ಅದೂ ಆಗದಿದ್ದರೆ ದೋಣಿ ಒಯ್ಯುವುದು. ನೀರಿಗೆ ಹಾರುವುದು ಎಲ್ಲಕ್ಕಿಂತ ಕೊನೆಯದು, ಮತ್ತು ಅದು ವಿಶೇಷ ತರಬೇತಿ ಪಡೆದವರಿಗೆ ಮಾತ್ರ. ಮುಳುಗುವವನು ಸಿಕ್ಕವರನ್ನು ಅಪ್ಪಿ ಹಿಡಿಯುತ್ತಾನೆ. ಒಬ್ಬನನ್ನು ಉಳಿಸಲು ಹಾರಿ ಮೂವರು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ.

ಹಗ್ಗ ಎಸೆಯುವುದನ್ನು ಕೈ ತಾನಾಗಿ ಮಾಡುವಷ್ಟು ಅಭ್ಯಾಸ ಮಾಡಿ. ಚೀಲವನ್ನು ತೇಲಿಬರುವವನ ಎದೆಯ ಮೇಲೆ ಹಾದುಹೋಗುವಂತೆ ಎಸೆಯಬೇಕು, ತಪ್ಪಿದರೆ ತಕ್ಷಣ ಹಗ್ಗವನ್ನು ಸುತ್ತಿ ಮತ್ತೆ ಎಸೆಯಬೇಕು. ಅವನು ಹಿಡಿದಾಗ ಅವನ ಭಾರಕ್ಕೆ ನೀವೇ ಎಳೆದುಕೊಂಡು ಹೋಗದಂತೆ ಕುಳಿತು ಕಾಲೂರಬೇಕು. ಹರಿವೇ ಅವನನ್ನು ಕಮಾನಿನಂತೆ ತಿರುಗಿಸಿ ದಡಕ್ಕೆ ತರುತ್ತದೆ. ಹಗ್ಗದ ತುದಿಯನ್ನು ಯಾರೂ ಸೊಂಟಕ್ಕಾಗಲೀ ಕೈಗಾಗಲೀ ಕಟ್ಟಿಕೊಳ್ಳಕೂಡದು. ಎಳೆದರೆ ಬಿಗಿಯಾಗದ ಕುಣಿಕೆ ಹಾಕುವ ಬೋಲೈನ್ ಗಂಟನ್ನೂ, ಕಂಬಕ್ಕೆ ಕಟ್ಟುವ ಕ್ಲೋವ್ ಹಿಚ್ ಗಂಟನ್ನೂ ಕಣ್ಣು ಮುಚ್ಚಿ ಹಾಕುವಷ್ಟು ಕಲಿತರೆ ಸದ್ಯಕ್ಕೆ ಸಾಕು.

ದೋಣಿ ನಡೆಸುವ ಪಾಠದಲ್ಲಿ ಮುಖ್ಯವಾದದ್ದು ಅಡ್ಡ ದಾಟುವ ವಿಧಾನ. ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ, ಸ್ವಲ್ಪ ಓರೆಯಾಗಿ ಹಿಡಿದರೆ ನೀರಿನ ಬಲವೇ ದೋಣಿಯನ್ನು ಆಚೆ ದಡಕ್ಕೆ ಜರುಗಿಸುತ್ತದೆ. ಓರೆ ಹೆಚ್ಚಾಗಿ ದೋಣಿ ಹರಿವಿಗೆ ಅಡ್ಡ ತಿರುಗಿದರೆ ನೀರು ಅಂಚು ಹತ್ತಿ ಮಗುಚುತ್ತದೆ. ನೀರಿನಲ್ಲಿರುವವರ ಬಳಿಗೆ ಕೆಳಭಾಗದಿಂದ, ಹರಿವಿಗೆ ಎದುರಾಗಿ, ನಿಧಾನವಾಗಿ ಬರಬೇಕು. ಕೈಗೆಟುಕುವಷ್ಟು ಹತ್ತಿರ ಬಂದೊಡನೆ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ನಿನ ತಿರುಗುವ ರೆಕ್ಕೆಯಿರುವ ಹಿಂಭಾಗದಿಂದ ದೂರವಾಗಿ ಮುಂಭಾಗದ ಪಕ್ಕದಿಂದ ಮೇಲೆತ್ತಬೇಕು. ಒಬ್ಬನನ್ನು ಎತ್ತುವಾಗ ಉಳಿದವರು ಎದುರು ಬದಿಗೆ ಭಾರ ಕೊಡಬೇಕು. ಮಗುಚಿದ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುವುದನ್ನು ಪ್ರತಿಯೊಬ್ಬನೂ ನಿಂತ ನೀರಿನಲ್ಲಿ ಅಭ್ಯಾಸ ಮಾಡಿರಬೇಕು. 2019ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರನ್ನು ಕರೆತರುವಾಗ ನುರಿತ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ಅವರನ್ನೇ ರಕ್ಷಿಸಬೇಕಾಯಿತು; ಕೊನೆಗೆ ಹೆಲಿಕಾಪ್ಟರುಗಳು ಬಂದವು. ಆ ನೀರಿನ ಬಲವನ್ನು ಕಂಡವರು ಈ ಅಭ್ಯಾಸವನ್ನು ಅನಗತ್ಯವೆನ್ನಲಾರರು.

ಸೀಟಿಯ ಸಂಕೇತಗಳನ್ನು ಅಗ್ನಿಶಾಮಕ ತಂಡದ ಸಂಕೇತಗಳಿಗೆ ಹೊಂದುವಂತೆ ನಿಗದಿಪಡಿಸಿಕೊಳ್ಳಿ, ಏಕೆಂದರೆ ನೀರಿನ ಭೋರ್ಗರೆತದಲ್ಲಿ ಮಾತು ಕೇಳುವುದಿಲ್ಲ. ಕೈಸನ್ನೆ ಮಾಡುವಾಗ ಯಾವಾಗಲೂ ಹೋಗಬೇಕಾದ ಸುರಕ್ಷಿತ ದಿಕ್ಕನ್ನೇ ತೋರಿಸಬೇಕು. ಅಪಾಯದ ಕಡೆ ಬೆರಳು ತೋರಿಸಿದರೆ ದೋಣಿಯವನು ಅದೇ ದಾರಿ ಎಂದುಕೊಳ್ಳುತ್ತಾನೆ.

ಪ್ರಥಮ ಚಿಕಿತ್ಸೆಯಲ್ಲಿ ನಮ್ಮ ಊರುಗಳ ಒಂದು ಹಳೆಯ ಪದ್ಧತಿಯನ್ನು ಬಿಡಿಸಲೇಬೇಕಾಗಿದೆ. ಮುಳುಗಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವು ಅಮೂಲ್ಯ ಸಮಯವನ್ನು ಕಳೆಯುತ್ತವೆ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವಂತೆ ಮಾಡುತ್ತವೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗಲ್ಲವನ್ನೆತ್ತಿ, ಮೂಗು ಹಿಡಿದು ಮೊದಲು ಬಾಯಿಯಿಂದ ಉಸಿರು ತುಂಬಿಸಬೇಕು, ಏಕೆಂದರೆ ಮುಳುಗಿದವರ ದೇಹಕ್ಕೆ ಮೊದಲು ಬೇಕಾದದ್ದು ಗಾಳಿ. ನಂತರ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ 2 ಉಸಿರು ಕೊಡುತ್ತಾ, 108 ಆಂಬುಲೆನ್ಸ್ ಬರುವವರೆಗೆ ಮುಂದುವರಿಸಬೇಕು. ಎಚ್ಚರಗೊಂಡು ಮಾತನಾಡಿದರೂ ಆಸ್ಪತ್ರೆಗೆ ಕಳುಹಿಸಲೇಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಪ್ರವಾಹದಲ್ಲಿ ಹಾವುಗಳು ಎತ್ತರದ ಜಾಗಕ್ಕೆ ಬಂದು ಸೇರುವುದರಿಂದ ಹಾವು ಕಡಿತವೂ ಎದುರಾಗುತ್ತದೆ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಡಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ.

ಹಂತ 6: ಕರೆ ಬಂದ ದಿನ

ಕರೆ ಬರುವುದು ತುರ್ತು ಸಂಖ್ಯೆ 112ರಿಂದಾಗಿರಲಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077ರಿಂದಾಗಿರಲಿ, ತಹಶೀಲ್ದಾರರಿಂದಾಗಿರಲಿ, ಸಮಯವನ್ನು ಬರೆದುಕೊಂಡು ನಾಲ್ಕು ವಿಷಯ ಕೇಳಿ: ಎಷ್ಟು ಜನ, ಎಲ್ಲಿ, ಈಗಿನ ಹೊರಹರಿವು ಎಷ್ಟು, ಮುಂದಿನ ಗಂಟೆಗಳಲ್ಲಿ ಅದು ಏರುವುದೋ ಇಳಿಯುವುದೋ. ಈ ಕೊನೆಯ ಉತ್ತರವೇ ನಿರ್ಧಾರಕ. ಇಳಿಯುತ್ತಿದೆ ಎಂದಾದರೆ, ಮೇಲ್ಛಾವಣಿಯ ಮೇಲೆ ಸುರಕ್ಷಿತವಾಗಿರುವವರಿಗೆ ಕುಡಿಯುವ ನೀರು, ಔಷಧಿ ತಲುಪಿಸಿ ಬೆಳಗಿನವರೆಗೆ ಕಾಯುವುದು ಕತ್ತಲಲ್ಲಿ ಅವರನ್ನು ದೋಣಿ ಹತ್ತಿಸುವುದಕ್ಕಿಂತ ಮೇಲು.

ಹೊರಡುವ ಮುನ್ನ ವಿದ್ಯುತ್ ಸರಬರಾಜು ಮಾಡುವ ಜೆಸ್ಕಾಂನವರಿಂದ ಆ ಭಾಗದ ವಿದ್ಯುತ್ ಕಡಿತವಾಗಿದೆ ಎಂಬ ಖಚಿತ ಮಾತನ್ನು ಪಡೆಯಿರಿ. ನದಿ ದಂಡೆಯುದ್ದಕ್ಕೂ ಪಂಪ್‌ಸೆಟ್‌ಗಳಿವೆ, ಅವುಗಳ ತಂತಿಗಳು ನೀರಿನಡಿ ಇರುತ್ತವೆ. ನೀರು ಏರಿದಾಗ ಕಂಬದ ಮೇಲಿನ ತಂತಿಯೂ ದೋಣಿಯಲ್ಲಿ ನಿಂತವನ ತಲೆಯ ಮಟ್ಟಕ್ಕೆ ಬಂದಿರುತ್ತದೆ. ಈ ಅಪಾಯ ನೋಡಿದರೆ ಗೊತ್ತಾಗುವಂಥದ್ದಲ್ಲ, ಆದ್ದರಿಂದ ಕೇಳಿಯೇ ತಿಳಿಯಬೇಕು.

ಸಾಧ್ಯವಿದ್ದಾಗಲೆಲ್ಲ ಎರಡು ದೋಣಿಗಳು ಒಟ್ಟಿಗೆ ಹೊರಡಲಿ, ಒಂದು ಕೆಲಸ ಮಾಡುವಾಗ ಇನ್ನೊಂದು ಕೆಳಭಾಗದಲ್ಲಿ ಕಾಯಲಿ. ತಂಡದ ಯಾರೇ ಆಗಲಿ, ಎಷ್ಟೇ ಕಿರಿಯವನಾಗಲಿ, ‘ಇದು ಆಗದು’ ಎಂದರೆ ದೋಣಿ ಇಳಿಯಬಾರದು. ಅವನನ್ನು ಹೇಡಿ ಎಂದು ಕರೆಯುವವರಿಗೆ ತಂಡದಲ್ಲಿ ಜಾಗವಿರಬಾರದು. ನದಿಯನ್ನು ಬಲ್ಲವರ ಬಾಯಿಂದ ಬರುವ ‘ಬೇಡ’ ಎಂಬ ಮಾತು ಬಹಳ ಸಲ ಹೆಚ್ಚು ಜೀವಗಳನ್ನು ಉಳಿಸುತ್ತದೆ.

ಗಡ್ಡೆ ತಲುಪಿದ ಮೇಲೆ ಇನ್ನೊಂದು ಕಷ್ಟ ಎದುರಾಗುತ್ತದೆ: ಜನ ಬರಲು ಒಪ್ಪುವುದಿಲ್ಲ. ದನ, ಕುರಿ, ಆಡುಗಳನ್ನು ಬಿಟ್ಟು ಹೇಗೆ ಬರುವುದು ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಬೇಡಿ, ಕುರಿಗಾಹಿಗೆ ಆ ಹಿಂಡೇ ಇಡೀ ಬದುಕು. ಜಗಳವಾಡದೆ ಕುಳಿತು, ‘ಅಜ್ಜಾ, ದನಗಳ ಹಗ್ಗ ಬಿಚ್ಚಿ ಎತ್ತರಕ್ಕೆ ಹೊಡೆಯೋಣ, ಮೇವನ್ನು ನಾಳೆ ನಾವೇ ತಂದು ಹಾಕುತ್ತೇವೆ, ನೀವು ಮೊಮ್ಮಕ್ಕಳ ಜೊತೆ ಬನ್ನಿ’ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಕಟ್ಟಿಹಾಕಿದ ದನಗಳು ನಿಂತಲ್ಲೇ ಮುಳುಗುತ್ತವೆ, ಬಿಚ್ಚಿದವು ಎತ್ತರ ಹುಡುಕಿಕೊಳ್ಳುತ್ತವೆ. ಗರ್ಭಿಣಿಯರು, ಮಕ್ಕಳು, ರೋಗಿಗಳು ಮೊದಲು; ಆದರೆ ತಾಯಿಯಿಂದ ಮಗುವನ್ನು ಬೇರೆ ಮಾಡಿ ಕಳುಹಿಸಬೇಡಿ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಔಷಧಿ ಇರುವ ಒಂದು ಚೀಲವನ್ನು ಮಾತ್ರ ತರಲು ಬಿಡಿ. ದೋಣಿಯ ಮಿತಿಗಿಂತ ಒಬ್ಬರನ್ನೂ ಹೆಚ್ಚು ಹತ್ತಿಸಬೇಡಿ, ಎಲ್ಲರನ್ನೂ ತಳದಲ್ಲೇ ಕೂರಿಸಿ, ಏಳಬಾರದು ಎಂದು ಮೊದಲೇ ತಿಳಿಸಿ. ದಡದಲ್ಲಿ ಹೆಸರು ಬರೆಯುವವರು ಇಳಿದ ಪ್ರತಿಯೊಬ್ಬರನ್ನೂ ಪಟ್ಟಿಗೆ ಸೇರಿಸಿ ಕಾಳಜಿ ಕೇಂದ್ರಕ್ಕೆ ಒಪ್ಪಿಸಬೇಕು. ರಕ್ಷಣೆಯ ವೇಳೆ ಮೊಬೈಲಿನಲ್ಲಿ ವಿಡಿಯೊ ಮಾಡುವುದನ್ನು ತಂಡದವರಿಗೆ ಸಂಪೂರ್ಣ ನಿಷೇಧಿಸಿ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವವರ ಮಾನ ಕಾಯುವುದೂ ಕರ್ತವ್ಯವೇ.

ಎನ್‌ಡಿಆರ್‌ಎಫ್ ಅಥವಾ ಎಸ್‌ಡಿಆರ್‌ಎಫ್ ತಂಡ ಬಂದೊಡನೆ ನಾಯಕತ್ವವನ್ನು ಅವರಿಗೆ ಬಿಟ್ಟುಕೊಡಿ. ಅವರಿಗೆ ತಿಳಿಯದ್ದು ನಮ್ಮ ನದಿಯ ಬಂಡೆ, ಮಡು ಮತ್ತು ಗಡ್ಡೆಯ ದಾರಿಗಳು; ಅದನ್ನು ತಿಳಿಸಲು ಒಬ್ಬ ಹಿರಿಯ ಅಂಬಿಗ ಅವರ ದೋಣಿಯಲ್ಲಿ ಮಾರ್ಗದರ್ಶಕನಾಗಿ ಕುಳಿತರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಹಂತ 7: ನೀರಿಲ್ಲದ ತಿಂಗಳುಗಳ ಕೆಲಸ

ಮೇ ತಿಂಗಳಲ್ಲಿ ಊರಿನ ಎಲ್ಲ ದೋಣಿ, ಹರಿಗೋಲುಗಳನ್ನು ಪರೀಕ್ಷಿಸಿ. ಮುರಿದ ಬಿದಿರು, ಹರಿದ ಹಾಳೆ, ಬಿರುಕು ಬಿಟ್ಟ ಡಾಂಬರು ಕಂಡರೆ ಮಾಲೀಕರಿಗೆ ತಿಳಿಸಿ. ನಿಮಗೆ ದಂಡ ಹಾಕುವ ಅಧಿಕಾರವಿಲ್ಲ, ಆದ್ದರಿಂದ ಹೇಳುವ ರೀತಿ ಗೌರವದ್ದಾಗಿರಲಿ. ಎಷ್ಟು ಜನ ಕೂರಬಹುದು ಎಂಬುದನ್ನು ಹರಿಗೋಲಿನ ಅಂಚಿನಲ್ಲೇ ಬಣ್ಣದಿಂದ ಬರೆಸಿ. ಗಡ್ಡೆಗಳಲ್ಲಿ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರು, ಗರ್ಭಿಣಿಯರು, ನಡೆಯಲಾಗದವರು ಯಾರಿದ್ದಾರೆ ಎಂಬ ಪಟ್ಟಿ ಮಾಡಿ, ಹೊರಹರಿವು ಏರುವ ಸೂಚನೆ ಬಂದೊಡನೆ, ಸೇತುವೆ ಮುಳುಗುವ ಮೊದಲೇ, ಅವರನ್ನು ದಡದ ಬಂಧುಗಳ ಮನೆಗೆ ಕಳುಹಿಸಲು ಒಪ್ಪಿಸಿ. ನೂರು ಜನರನ್ನು ರಸ್ತೆಯಲ್ಲೇ ಕರೆತಂದ ತಂಡದ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ದೋಣಿಯಲ್ಲಿ ಹತ್ತು ಜನರನ್ನು ತಂದ ತಂಡಕ್ಕಿಂತ ಅದರ ಕೆಲಸ ದೊಡ್ಡದು.

ಶಾಲೆಗಳಲ್ಲಿ ಮಕ್ಕಳಿಗೆ ತೇಲುವುದನ್ನು ಕಲಿಸಿ, ಖಾಲಿ ನೀರಿನ ಕ್ಯಾನನ್ನು ಎದೆಗೆ ಅಪ್ಪಿ ತೇಲಬಹುದು ಎಂಬುದನ್ನು ತೋರಿಸಿ. ನೀರು ಬಿಡುವ ಮುನ್ನ ಡಂಗುರ ಹಾಕಿಸುವ ಕೆಲಸ ಪಂಚಾಯಿತಿಯದ್ದಾದರೂ, ದಂಡೆಯಲ್ಲಿ ಬಟ್ಟೆ ಒಗೆಯುವವರಿಗೆ, ಮರಳುದಿಬ್ಬದಲ್ಲಿ ಕುರಿ ನಿಲ್ಲಿಸಿದವರಿಗೆ ಅದು ಕೇಳಿಸಿತೇ ಎಂದು ಹೋಗಿ ನೋಡುವವರು ನೀವಾಗಿರಿ.

ಹಂತ 8: ಕೆಲಸ ಮುಗಿದ ಮೇಲೆ

ಮೊದಲು ತಂಡದ ಎಲ್ಲರ ಹೆಸರು ಕೂಗಿ, ಎಲ್ಲರೂ ಮರಳಿದ್ದಾರೆ ಎಂದು ನಿಯಂತ್ರಣ ಕೊಠಡಿಗೆ ತಿಳಿಸಿ. ಪ್ರವಾಹದ ನೀರು ಚರಂಡಿ, ಗೊಬ್ಬರ, ಸತ್ತ ಪ್ರಾಣಿಗಳನ್ನು ಹೊತ್ತು ತರುತ್ತದೆ. ಸೋಪು ಹಚ್ಚಿ ಸ್ನಾನ ಮಾಡಿ, ಗಾಯಗಳನ್ನು ತೊಳೆದು, ಟಿಟಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು, ಇಲಿಜ್ವರದ ಸಾಧ್ಯತೆಯನ್ನು ಅವರು ಪರಿಶೀಲಿಸಲಿ. ಶವವನ್ನು ಕಂಡವರು, ಯಾರನ್ನಾದರೂ ಉಳಿಸಲಾಗದವರು ಕೆಲವು ದಿನ ನಿದ್ದೆಗೆಡುವುದು ಸಹಜ. ಅವರನ್ನು ಒಂಟಿಯಾಗಿ ಬಿಡಬೇಡಿ, ಕಡಿಮೆಯಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಜೊತೆಗೆ ಹೋಗಿ.

ಹಗ್ಗಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಅವು ಬೇಗ ಬಲ ಕಳೆದುಕೊಳ್ಳುತ್ತವೆ. ಎಳೆ ಬಿಟ್ಟ ಹಗ್ಗವನ್ನು ಅದೇ ದಿನ ಬೇರೆ ತೆಗೆದಿಟ್ಟು ಹೊಸದನ್ನು ಚೀಲಕ್ಕೆ ತುಂಬಿ. ಎಂಜಿನ್ನಿನ ಹೂಳು ತೆಗೆಸಿ, ಇಂಧನ ತುಂಬಿಸಿ, ಜಾಕೆಟ್ಟುಗಳ ಬಕಲುಗಳನ್ನು ಒಂದೊಂದಾಗಿ ಹಾಕಿ ಬಿಚ್ಚಿ ನೋಡಿ. ತಂಡ ಚದುರುವ ಮೊದಲು ಕುಳಿತು, ಯಾವ ಸಮಯಕ್ಕೆ ಕರೆ ಬಂತು, ಯಾವಾಗ ದೋಣಿ ಇಳಿಯಿತು, ಎಲ್ಲಿ ತಡವಾಯಿತು, ಏನು ಸಾಲದಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಒಂದು ಪ್ರತಿಯನ್ನು ತಹಶೀಲ್ದಾರ್ ಕಚೇರಿಗೂ ಇನ್ನೊಂದನ್ನು ಅಗ್ನಿಶಾಮಕ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ವರ್ಷ ಸಲಕರಣೆ ಕೇಳಲು ಹೋದಾಗ ಮೇಜಿನ ಮೇಲಿಡಬೇಕಾದ ಕಾಗದ ಅದೇ.